ಹಗಲಿನ ಬೆಂಕಿ ಕಾಯ್ದ ಷಣ್ಮುಖಪ್ಪ

ಷಣ್ಮುಖಪ್ಪನವರು ಒಂಬತ್ತು ವರ್ಷ ಮಾಡಿದ ಕೆಲಸ ಒಂದೇ. ಕಾರ್ಖಾನೆಯ ಹಿಂದಿನ ಎತ್ತರದ ಚಿಮಣಿಯ ತುದಿಯಲ್ಲಿ ಬೆಂಕಿ ಉರಿಯುತ್ತಿದೆಯೇ ಇಲ್ಲವೇ ಎಂದು ನೋಡುವುದು, ಆರಿದ್ದರೆ ಮತ್ತೆ ಹೊತ್ತಿಸುವುದು. ಇಷ್ಟು ಹೇಳಿದರೆ ಸುಲಭದ ಕೆಲಸ ಎನಿಸುತ್ತದೆ. ಅವರ ಜೊತೆಯವರಿಗೂ ಹಾಗೇ ಅನಿಸುತ್ತಿತ್ತು.

"ಏನ್ ಷಣ್ಮುಖಣ್ಣ, ಇವತ್ತು ಮಳೆ ಬರುತ್ತಾ? ಆಕಾಶ ನೋಡೋಕೂ ಸಂಬಳ ಕೊಡ್ತಾರಲ್ಲ ನಿಂಗೆ" ಎಂದು ಕ್ಯಾಂಟೀನಿನಲ್ಲಿ ಕೆಣಕುತ್ತಿದ್ದರು.

"ಅದ್ರಿಂದ್ಲೇ ನೀವೆಲ್ಲ ಕೂತು ಬೋಂಡ ತಿಂತಾ ಇರೋದು. ತಿನ್ರಿ ಸುಮ್ನೆ" ಎನ್ನುತ್ತಿದ್ದರು ಅವರು.

ನಾನು ಅವರ ಪಕ್ಕದ ಮನೆಯವಳು. ಇಲ್ಲಿ ಬರೆದಿರುವುದರಲ್ಲಿ ನಾನೇ ನೋಡಿದ್ದು ಸ್ವಲ್ಪ. ಉಳಿದದ್ದನ್ನು ಅವರಿಂದಲೂ ಅವರ ಹೆಂಡತಿ ದಾಕ್ಷಾಯಣಮ್ಮನಿಂದಲೂ ಕೇಳಿದ್ದೇನೆ. ಇಬ್ಬರ ಮಾತು ಹೊಂದದ ಕಡೆ ಮತ್ತೊಮ್ಮೆ ಕೇಳಿ ಸರಿಮಾಡಿಕೊಂಡಿದ್ದೇನೆ.

ಕಾರ್ಖಾನೆ ಇದ್ದದ್ದು ಭದ್ರಾವತಿಯ ಜನ್ನಾಪುರದಿಂದ ಸ್ವಲ್ಪ ಆಚೆ. ಊರಿಗೆ ಹೆಸರು ತಂದ ದೊಡ್ಡ ಕಾರ್ಖಾನೆಗಳಲ್ಲಿ ಇದು ಸೇರಿದ್ದಲ್ಲ. ತೊಂಬತ್ತನಾಲ್ಕರಲ್ಲಿ ಶುರುವಾದ, ಒಂದೇ ಕುಲುಮೆಯ ಚಿಕ್ಕ ಖಾಸಗಿ ಕಾರ್ಖಾನೆ. ಅದಿರು ಕರಗುವಾಗ ಕುಲುಮೆಯ ಬಾಯಿಂದ ಅನಿಲ ಬರುತ್ತದೆ. ಅದರಲ್ಲಿ ಅರ್ಧವನ್ನು ಬಾಯ್ಲರ್‌ಗೆ ಬಳಸುತ್ತಿದ್ದರು. ಮಿಕ್ಕದ್ದನ್ನು ಚಿಮಣಿಗೆ ಏರಿಸಿ ತುದಿಯಲ್ಲಿ ಸುಡಬೇಕಿತ್ತು. ಆ ಚಿಮಣಿಯನ್ನು ಎಲ್ಲರೂ ಫ್ಲೇರ್ ಎಂದೇ ಕರೆಯುತ್ತಿದ್ದರು. ಸುಡದೆ ಬಿಟ್ಟರೆ ಆ ಅನಿಲ ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿಗೆ ಹೋದವರಿಗೆ ಮೊದಲು ತಲೆನೋವು, ಆಮೇಲೆ ವಾಂತಿ, ಆಮೇಲೆ ನಿದ್ದೆ ಬಂದ ಹಾಗೆ ಆಗುತ್ತದೆ. ಆ ನಿದ್ದೆಯಿಂದ ಕೆಲವರು ಏಳುವುದಿಲ್ಲ.

ಕಷ್ಟವೆಂದರೆ ಅದು ಉರಿಯುವಾಗಲೂ ಹಗಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ತೆಳು ನೀಲಿ ಜ್ವಾಲೆ, ಬಿಸಿಲಿಗೆ ಕರಗಿಹೋಗುತ್ತದೆ. ಷಣ್ಮುಖಪ್ಪ ಮೊದಲು ಶಿವಮೊಗ್ಗದಲ್ಲಿ ಒಂದು ಅಕ್ಕಿ ಗಿರಣಿಯ ಬಾಯ್ಲರ್‌ಗೆ ಹೊಟ್ಟು ತುಂಬುತ್ತಿದ್ದವರು. ಬೆಂಕಿಯ ಗುಣ ಬಲ್ಲವರು. ಕಾರ್ಖಾನೆಯ ಹಿತ್ತಲಿನಲ್ಲಿ ಅವರೊಂದು ಜಾಗ ಗೊತ್ತುಮಾಡಿಕೊಂಡಿದ್ದರು. ಅಲ್ಲಿ ನಿಂತರೆ ಚಿಮಣಿಯ ತುದಿಯ ಹಿಂದೆ ಸರಿಯಾಗಿ ದೂರದ ಒಂದು ಗುಡ್ಡದ ಅಂಚು ಕಾಣುತ್ತಿತ್ತು. ಮೇಲೇಳುವ ಬಿಸಿಗೆ ಆ ಅಂಚು ನಡುಗಿದರೆ ಬೆಂಕಿ ಇದೆ, ಗೆರೆ ಎಳೆದಂತೆ ನಿಂತಿದ್ದರೆ ಆರಿದೆ. ಆರಿದ್ದರೆ ಕೆಳಗಿನ ಪೆಟ್ಟಿಗೆಯ ಗುಂಡಿ ಒತ್ತಿ, ಸಣ್ಣ ಕೊಳವೆಯಲ್ಲಿ ಕಿಡಿಯನ್ನು ಮೇಲಕ್ಕೆ ಕಳಿಸಬೇಕು. ಹತ್ತು ಸಲ ಒತ್ತಿದರೆ ಒಮ್ಮೆ ಹತ್ತುತ್ತಿತ್ತು.

ಬೆಂಕಿ ಆರದಿರಲೆಂದೇ ಚಿಮಣಿಯ ತುದಿಯಲ್ಲಿ ಅಡುಗೆ ಅನಿಲದ ಮೂರು ಸಣ್ಣ ದೀಪಗಳನ್ನು ಇಟ್ಟಿದ್ದರು. ಸಿಲಿಂಡರ್ ಉಳಿಸಲು ಎರಡನ್ನು ಮುಚ್ಚಿ ಒಂದನ್ನೇ ಉರಿಸುತ್ತಿದ್ದರು. ಪಶ್ಚಿಮದ ಗಾಳಿ ಎದ್ದ ದಿನ, ಕುಲುಮೆಯ ಓಟ ತಗ್ಗಿಸಿ ಅನಿಲ ಸಣ್ಣಗಾದಾಗ, ಆ ಒಂದು ದೀಪಕ್ಕೆ ತಡೆಯುವ ಶಕ್ತಿ ಇರುತ್ತಿರಲಿಲ್ಲ. ಬೆಂಕಿ ಆರಿದಾಗ ಸುಡದ ಅನಿಲ ಹೋಗುತ್ತಿದ್ದುದು ಪೂರ್ವಕ್ಕೆ. ಪೂರ್ವದ ಗೋಡೆಯಾಚೆ ಹದಿನೆಂಟು ಲೈನ್ ಮನೆಗಳಿದ್ದವು.

ಪ್ರಸನ್ನಕುಮಾರ್ ಕಾರ್ಖಾನೆಗೆ ಬಂದದ್ದು ತೊಂಬತ್ತೈದರಲ್ಲಿ, ಡಿಪ್ಲೊಮಾ ಮುಗಿಸಿದ ಟ್ರೈನಿಯಾಗಿ. ಮನೆ ಶಿವಮೊಗ್ಗದ ವಿದ್ಯಾನಗರ. ಬೆಳಗಿನ ಬಸ್ಸಿಗೆ ಬರುತ್ತಿದ್ದ. ಬುತ್ತಿ ತರಲು ಸಂಕೋಚಪಡುತ್ತಿದ್ದ. ಷಣ್ಮುಖಪ್ಪ ತಮ್ಮ ರೊಟ್ಟಿಯಲ್ಲಿ ಅರ್ಧ ಕೊಡತೊಡಗಿದರು. ಒಂದು ತಿಂಗಳಾಗುವಷ್ಟರಲ್ಲಿ ದಾಕ್ಷಾಯಣಮ್ಮ ಇಬ್ಬರ ಲೆಕ್ಕದಲ್ಲೇ ಬುತ್ತಿ ಕಟ್ಟುತ್ತಿದ್ದರು. ಷಣ್ಮುಖಪ್ಪ ಅವನಿಗೆ ಗುಡ್ಡದ ಅಂಚು ನೋಡುವುದನ್ನು ಕಲಿಸಿದರು. ಮೊದಲ ವಾರವೆಲ್ಲ ಅವನಿಗೆ ಏನೂ ಕಾಣಲಿಲ್ಲ.

"ಕಣ್ಣು ಕಿರಿದು ಮಾಡ್ಬೇಡ ಮಾರಾಯ. ಹುಡುಗೀರನ್ನ ನೋಡ್ದಂಗೆ ನೋಡ್ಬೇಡ, ನೋಡಿಯೂ ನೋಡ್ದಂಗಿರು" ಎಂದರು ಅವರು. ಅವನು ನಕ್ಕ. ಆಮೇಲೆ ಕಂಡಿತು.

ಅದೇ ದಿನಗಳಲ್ಲಿ ಅವನಿಗೆ ಇನ್ನೊಂದನ್ನೂ ಕಲಿಸಿದರು. ಆ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿದಾಗ ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಿ, ಮುಂದಿನವನಿಗೆ ಚಾರ್ಜ್ ಕೊಡಬೇಕು. ಪ್ರಸನ್ನಕುಮಾರ್ ಒಂದು ದಿನ ಕಂಡದ್ದನ್ನು ಕಂಡಂತೆ 'ಫ್ಲೇರ್ ಎರಡು ಬಾರಿ ಆರಿತ್ತು' ಎಂದು ಬರೆದ. ಬರೆದ ಮೇಲೆ ಅದರ ಕಾರಣ ಹುಡುಕುವವರೆಗೆ ಇವನು ಮನೆಗೆ ಹೋಗುವಂತಿಲ್ಲ, ಬಂದವನು ಚಾರ್ಜ್ ತೆಗೆದುಕೊಳ್ಳುವಂತಿಲ್ಲ. ಇಬ್ಬರೂ ನಾಲ್ಕು ಗಂಟೆ ಸಾಹೇಬರ ಕೋಣೆಯ ಹೊರಗೆ ನಿಂತರು.

"ಬಂದವನಿಗೆ ಬಾಯಲ್ಲಿ ಹೇಳು, ಪುಸ್ತಕದಲ್ಲಿ ಎಲ್ಲ ಸರಿ ಅಂತ ಬರಿ. ಇಲ್ಲಿ ಎಲ್ಲಾರೂ ಹಂಗೇ ಮಾಡೋದು. ಇಲ್ದಿದ್ರೆ ನಿನ್ ಜೊತೆ ಅವ್ನೂ ಸಾಯ್ತಾನೆ" ಎಂದರು ಷಣ್ಮುಖಪ್ಪ.

ಜೊತೆಯವನನ್ನು ಕಷ್ಟಕ್ಕೆ ಸಿಕ್ಕಿಸಬಾರದು ಎಂಬುದಷ್ಟೇ ಅದರ ಹಿಂದಿದ್ದದ್ದು. ಬಾಯಲ್ಲಿ ಹೇಳುವುದನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ. ಪುಸ್ತಕದಲ್ಲಿ ಮಾತ್ರ ದಿನವೂ ಒಂದೇ ಸಾಲು: 'ಜ್ವಾಲೆ ಸರಿ ಇದೆ.' ಕೆಳಗೆ ದುಂಡಾದ ಸಹಿ.

ಎಂಟು ವರ್ಷ ಕಳೆಯಿತು. ಪ್ರಸನ್ನಕುಮಾರ್ ಪರಿಸರ ವಿಭಾಗ ನೋಡಿಕೊಳ್ಳುವ ಸಾಹೇಬನಾದ. ಷಣ್ಮುಖಪ್ಪ ಎಲ್ಲರೆದುರು 'ಸರ್' ಎನ್ನುತ್ತಿದ್ದರು. ಇಬ್ಬರೇ ಇದ್ದಾಗ ಅವನು ಷಣ್ಮುಖಣ್ಣ ಎಂದೇ ಕರೆಯುತ್ತಿದ್ದ.

ಎರಡು ಸಾವಿರದ ಮೂರರಲ್ಲಿ ಲೈನ್ ಮನೆಯವರು ಸರ್ಕಾರಕ್ಕೆ ಅರ್ಜಿ ಕೊಟ್ಟರು. ಮುಂದೆ ನಿಂತವರು ಕಾಳಮ್ಮ. ಗಂಡ ಇಲ್ಲ. ಕ್ಯಾಂಟೀನಿಗೆ ಸೊಪ್ಪು ತರಕಾರಿ ತಂದು ಹಾಕುತ್ತಿದ್ದರು. ಗಾಳಿ ಎದ್ದ ಮಧ್ಯಾಹ್ನಗಳಲ್ಲಿ ಅವರ ಸಾಲಿನಲ್ಲಿ ಎಲ್ಲರಿಗೂ ತಲೆ ಸಿಡಿಯುತ್ತಿತ್ತು. ಎರಡು ಸಲ ಅವರೇ ಒಲೆಯ ಮುಂದೆ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಸರ್ಕಾರದ ಕಡೆಯಿಂದ ಕಾರ್ಖಾನೆಗೆ ಕಾಗದ ಬಂತು. ಫ್ಲೇರ್ ಅನ್ನು ಪರೀಕ್ಷೆ ಮಾಡಿಸಿ, ವಿಷದ ಅನಿಲ ನೂರಕ್ಕೆ ಎಷ್ಟು ಪಾಲು ಸುಟ್ಟುಹೋಗುತ್ತಿದೆ ಎಂದು ವರದಿ ಕೊಡಬೇಕು. ಕಡಿಮೆ ಸುಡುತ್ತಿದ್ದರೆ ಚಿಮಣಿಯ ತುದಿಗೆ ಗಾಳಿ ತಡೆಯುವ ಹೊಸ ತಲೆ ಕೂರಿಸಿ ಮೂರೂ ದೀಪ ಉರಿಸಬೇಕು.

ಜೂನ್ ಮೊದಲ ವಾರ ಪ್ರಸನ್ನಕುಮಾರ್ ಮನೆಗೇ ಬಂದ. ದಾಕ್ಷಾಯಣಮ್ಮ ಮಂಡಕ್ಕಿ ಕಲಸಿಕೊಟ್ಟರು. ಆ ದಿನ ನಾನೂ ಅಲ್ಲಿದ್ದೆ.

"ಷಣ್ಮುಖಣ್ಣ, ಸುಮ್ನೆ ಒಂದಿನ ಬಂದು ಅಳತೆ ಮಾಡ್ಕೊಂಡ್ ಹೋದ್ರೆ ಏನೂ ಗೊತ್ತಾಗಲ್ಲ" ಎಂದ. "ಯಾವಾಗ ಆರುತ್ತೆ, ಆಗ ಗಾಳಿ ಹೆಂಗಿತ್ತು, ಕುಲುಮೆ ಓಟ ಎಷ್ಟಿತ್ತು, ಎಷ್ಟ್ ಹೊತ್ತಿಗೆ ಮತ್ತೆ ಹತ್ತಿತು, ಮೂರು ತಿಂಗಳು ಬರೆದಿಡಿ. ಅಂಥ ಹೊತ್ತಲ್ಲೇ ಪರೀಕ್ಷೆ ಮಾಡಿಸ್ತೀನಿ. ಹೊಸ ತಲೆ ಹಾಕ್ದೆ ಕಾರ್ಖಾನೆಯವ್ರಿಗೆ ಬೇರೆ ದಾರಿ ಇರಲ್ಲ."

"ಬರೆದ್ರೆ ನಂಗೇನೂ ಆಗಲ್ವಲ್ಲ ಸರ್?"

"ಮನೇಲೂ ಸರ್ ಅಂತೀರಲ್ಲ. ನಾನಿದ್ದೀನಿ."

ಷಣ್ಮುಖಪ್ಪ ಬರೆದರು. ಉದ್ದ ರೂಲಿನ ನೋಟ್‌ಬುಕ್ಕಿಗೆ ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕಿದ್ದರು. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಅವರ ಶಿಫ್ಟಿನಲ್ಲೇ ಅರವತ್ತೊಂದು ಬಾರಿ ಬೆಂಕಿ ಆರಿತ್ತು. ಗಾಳಿಯ ದಿಕ್ಕು ತಿಳಿಯಲು ಕೋಲಿಗೆ ಬಟ್ಟೆಯ ಚೂರು ಕಟ್ಟಿಕೊಂಡಿದ್ದರು. ಒಮ್ಮೆ ಮತ್ತೆ ಹತ್ತಿಸಲು ಐವತ್ತು ನಿಮಿಷ ಹಿಡಿದದ್ದನ್ನೂ, ಅಂದು ಕಾಳಮ್ಮನ ಸಾಲಿನ ಇಬ್ಬರನ್ನು ಆಸ್ಪತ್ರೆಗೆ ಒಯ್ದದ್ದನ್ನೂ ಬರೆದಿದ್ದರು. ರಿಜಿಸ್ಟರ್‌ನಲ್ಲಿ ಮಾತ್ರ ಮೂರು ತಿಂಗಳೂ ಎಂದಿನಂತೆ 'ಜ್ವಾಲೆ ಸರಿ ಇದೆ' ಎಂದೇ ಬರೆಯುತ್ತಿದ್ದರು. ಜೊತೆಯವರ ಪದ್ಧತಿಯನ್ನು ಮುರಿಯುವ ಯೋಚನೆಯೇ ಅವರಿಗೆ ಬರಲಿಲ್ಲ.

ಜುಲೈಯಲ್ಲಿ ಒಂದು ದಿನ ಕಾಳಮ್ಮ ಅವರನ್ನು ಕ್ಯಾಂಟೀನಿನ ಹಿಂದೆ ನಿಲ್ಲಿಸಿದರು.

"ಅಣ್ಣ, ಒಂದು ಮಾತು. ನಮ್ ಮೀರಾ ಬಸುರಿ. ಗಾಜನೂರಲ್ಲಿ ಗಂಡನ ಮನೇಲಿದ್ದಾಳೆ. ಏಳು ತುಂಬಿದ್ ಮೇಲೆ ಕರ್ಕೊಂಡ್ ಬರ್ಬೇಕು, ಚೊಚ್ಚಲು. ಈ ಗಾಳೀಲಿ ಕರ್ಕೊಂಡ್ ಬರ್ಲಾ ಬ್ಯಾಡ್ವಾ? ನಿಮಗೆ ಅದರ ಹಣೆಬರಹ ಗೊತ್ತು."

ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ಅದನ್ನೂ ಮಾಡಲಾಗದ ತಾಯಿ ಎನ್ನಿಸಿಕೊಳ್ಳುವುದು ಕಾಳಮ್ಮನಿಗೆ ಸಾಯುವಷ್ಟು ಸಂಕಟ. ಷಣ್ಮುಖಪ್ಪನಿಗೆ ಇದು ಗೊತ್ತಿತ್ತು.

"ಅಕ್ಟೋಬರ್ ತಾನೆ? ಕರ್ಕೊಂಡ್ ಬಾರಮ್ಮ. ಆಗಸ್ಟಲ್ಲಿ ಪರೀಕ್ಷೆ ಆಗುತ್ತೆ. ಅಷ್ಟ್ರಲ್ಲಿ ಹೊಸ ತಲೆ ಕೂರಿಸಿರ್ತಾರೆ" ಎಂದರು.

"ನಿಮ್ ಮಾತಿನ ಮೇಲೆ ಕರ್ಕೊಂಡ್ ಬರ್ತೀನಿ."

"ನನ್ ಮಾತಿನ ಮೇಲೇ ಬಾ."

ಆಗಸ್ಟ್ ಕೊನೆಗೆ ಪ್ರಸನ್ನಕುಮಾರ್ ನೋಟ್‌ಬುಕ್ ಕೇಳಿದ. ದಾಕ್ಷಾಯಣಮ್ಮ, "ಒಂದು ಝೆರಾಕ್ಸ್ ಮಾಡಿಸ್ಕೊಂಡು ಕೊಡ್ರಿ" ಎಂದರು.

"ನಮ್ ಬುತ್ತಿ ತಿಂದ ಹುಡುಗ ಅವನು" ಎಂದು ಷಣ್ಮುಖಪ್ಪ ಹಾಗೇ ಕೊಟ್ಟರು.

ಪರೀಕ್ಷೆ ಆಗಸ್ಟ್‌ನಲ್ಲಿ ಆಗಲಿಲ್ಲ. ಕ್ರೇನ್ ಸಿಗಲಿಲ್ಲ ಎಂದರು. ಸೆಪ್ಟೆಂಬರ್‌ನಲ್ಲೂ ಆಗಲಿಲ್ಲ. ಗಾಳಿಯ ಕಾಲ ಮುಗಿಯಿತು. ಅಕ್ಟೋಬರ್ ಎರಡನೇ ವಾರ ಮೀರಾ ತವರಿಗೆ ಬಂದಳು. ಅದೇ ತಿಂಗಳ ಕೊನೆಗೆ ಪರೀಕ್ಷೆಯವರು ಬಂದರು.

ಕ್ರೇನಿನ ತುದಿಗೆ, ಒಳಗೆ ನೀರು ಹರಿಯುವ ಉದ್ದನೆಯ ಕೊಳವೆ ಕಟ್ಟಿ ಚಿಮಣಿಯ ಬಾಯಿಯ ಮೇಲಕ್ಕೆ ಹಿಡಿದರು. ಸುಟ್ಟು ಬಂದ ಗಾಳಿಯನ್ನು ಎಳೆದು ಚೀಲಗಳಲ್ಲಿ ತುಂಬಿ, ಚೀಟಿ ಅಂಟಿಸಿ, ಜೀಪಿನಲ್ಲಿದ್ದ ಯಂತ್ರಕ್ಕೆ ಕೊಟ್ಟರು. ಷಣ್ಮುಖಪ್ಪ ಅವರಿಗೆ ಮೆಟ್ಟಿಲು ಹಿಡಿದರು, ನೀರಿನ ಪೈಪು ಎಳೆದರು. ಆಮೇಲೆ ತಲೆ ಎತ್ತಿ ನೋಡಿದರು. ಗುಡ್ಡದ ಅಂಚು ಎಂದೂ ಇಲ್ಲದಷ್ಟು ನಡುಗುತ್ತಿತ್ತು. ಮೂರೂ ದೀಪ ಹಚ್ಚಿದ್ದರು. ಕುಲುಮೆಯನ್ನು ಪೂರ್ತಿ ಓಟದಲ್ಲಿ ಇಟ್ಟಿದ್ದರು. ಬೆಳಗಿನ ಏಳು ಗಂಟೆ, ಕೋಲಿನ ಬಟ್ಟೆ ಅಲ್ಲಾಡುತ್ತಿರಲಿಲ್ಲ.

"ಸರ್, ಹಿಂಗಿದ್ದಾಗ ಅದು ಯಾವತ್ತೂ ಆರಿಲ್ವಲ್ಲ" ಎಂದರು ಪ್ರಸನ್ನಕುಮಾರನಿಗೆ.

"ಇದು ಮೊದಲ್ನೇ ಹಂತ. ಅನಿಲ ಕಮ್ಮಿ ಮಾಡಿ ಆಮೇಲೆ ನೋಡ್ತಾರೆ. ನೀವು ಪೈಪ್ ಹಿಡ್ಕೊಳ್ಳಿ."

ಎರಡನೇ ಬೆಳಗೂ ಹಾಗೇ, ಮೂರನೇ ಬೆಳಗೂ ಹಾಗೇ. ಮೂರನೇ ದಿನ ಮಧ್ಯಾಹ್ನ ಕ್ರೇನ್ ತೋಳು ಮಡಚಿತು. ಷಣ್ಮುಖಪ್ಪ ಪರೀಕ್ಷೆಯವರ ಮುಖ್ಯಸ್ಥರ ಬಳಿ ಹೋಗಿ, "ಗಾಳಿ ಇರೋವಾಗಿನದ್ದು ಯಾವಾಗ ಸರ್?" ಎಂದು ಕೇಳಿದರು.

"ನಮಗೆ ಹೇಳಿದ್ದು ಇಷ್ಟೇ ಯಜಮಾನ್ರೆ" ಎಂದು ಅವರು ಜೀಪು ಹತ್ತಿದರು. ಅವರ ಕೆಲಸ ಅವರು ಸರಿಯಾಗಿಯೇ ಮಾಡಿದ್ದರು ಎಂದು ಷಣ್ಮುಖಪ್ಪ ಈಗಲೂ ಹೇಳುತ್ತಾರೆ. ಅಳತೆ ಸುಳ್ಳಲ್ಲ, ಅಳೆದ ಹೊತ್ತು ಸುಳ್ಳು.

ಸಂಜೆಯೇ ಎರಡು ದೀಪ ಮುಚ್ಚಿದರು.

ನವೆಂಬರ್‌ನಲ್ಲಿ ವರದಿ ಬಂತು. ನೂರಕ್ಕೆ ತೊಂಬತ್ತೆಂಟು ಪಾಲು ಸುಡುತ್ತಿದೆ, ಚಿಮಣಿಗೆ ಹೊಸ ತಲೆ ಬೇಕಿಲ್ಲ ಎಂದು ಅದರಲ್ಲಿತ್ತು. ಅದರ ಕನ್ನಡ ಪ್ರತಿಯನ್ನು ಲೈನ್ ಮನೆಗಳ ನಲ್ಲಿಯ ಹತ್ತಿರದ ಗೋಡೆಗೆ ಅಂಟಿಸಿದರು. ವರದಿಯ ಜೊತೆ ಕಾರ್ಖಾನೆಯವರು ತಾವಾಗಿ ಒಂದು ಪುಟ ಸೇರಿಸಿದ್ದರು. ಮಳೆಗಾಲದಲ್ಲಿ ಅರವತ್ತೊಂದು ಬಾರಿ ಜ್ವಾಲೆ ಆರಿದ್ದು ನಿಜ, ಅದು ನೋಡಿಕೊಳ್ಳುವವನ ಅಲಕ್ಷ್ಯದಿಂದ, ಅವನದೇ ಕೈಬರಹದ ಪುಸ್ತಕ ಅದಕ್ಕೆ ಸಾಕ್ಷಿ, ಅವನ ಮೇಲೆ ವಿಚಾರಣೆ ನಡೆಯುತ್ತದೆ.

ವಿಚಾರಣೆಗೆ ಮುಖ್ಯ ಕಚೇರಿಯಿಂದ ವೆಂಕಟಾಚಲ ಎಂಬ ಅಧಿಕಾರಿ ಬಂದಿದ್ದರು. ವಯಸ್ಸಾದವರು, ಮೆಲುಮಾತಿನವರು. ಷಣ್ಮುಖಪ್ಪನಿಗೆ ಕುರ್ಚಿ ಕೊಟ್ಟರು. ಮೇಜಿನ ಮೇಲೆ ಒಂದು ಕಡೆ ರಿಜಿಸ್ಟರ್, ಇನ್ನೊಂದು ಕಡೆ ಕ್ಯಾಲೆಂಡರ್ ಹೊದಿಕೆಯ ನೋಟ್‌ಬುಕ್. ಕಾರ್ಖಾನೆಯ ಪರವಾಗಿ ಮಾತಾಡಲು ಎದ್ದವನು ಪ್ರಸನ್ನಕುಮಾರ್.

"ಜುಲೈ ಒಂಬತ್ತು" ಎಂದು ಓದಿದ. "ನೋಟ್‌ಬುಕ್‌ನಲ್ಲಿ, ಐವತ್ತು ನಿಮಿಷ ಆರಿತ್ತು. ರಿಜಿಸ್ಟರ್‌ನಲ್ಲಿ ಅದೇ ದಿನ, ಅದೇ ಕೈ, ಜ್ವಾಲೆ ಸರಿ ಇದೆ. ಷಣ್ಮುಖಪ್ಪನವರೇ, ಇದರಲ್ಲಿ ಯಾವುದು ಸುಳ್ಳು?"

ಎಂಟು ವರ್ಷದಲ್ಲಿ ಅವನು ಅವರನ್ನು 'ಷಣ್ಮುಖಪ್ಪನವರೇ' ಎಂದು ಕರೆದದ್ದು ಅದೇ ಮೊದಲು.

ಷಣ್ಮುಖಪ್ಪ ಅವನ ಮುಖ ನೋಡಿದರು. ಅವನೇ ಹೇಳುತ್ತಾನೆ ಎಂದು ಕಾದರು. ಇಲ್ಲಿ ಎಲ್ಲರೂ ಹೀಗೇ ಬರೆಯುತ್ತಾರೆ, ನಾನೂ ಹೀಗೇ ಬರೆದಿದ್ದೇನೆ, ಇವರೇ ನನಗೆ ಕಲಿಸಿದ್ದು ಎಂದು. ಅಷ್ಟು ಹೇಳಿದ್ದರೆ ಸಾಕಿತ್ತು. ಅವನು ರಿಜಿಸ್ಟರ್‌ನ ಹಾಳೆಯ ಮೂಲೆಯನ್ನು ಹೆಬ್ಬೆರಳಿನಿಂದ ನೇರ ಮಾಡುತ್ತ ನಿಂತಿದ್ದ.

ವೆಂಕಟಾಚಲ ಅವರು ಕನ್ನಡಕ ತೆಗೆದರು. "ನೋಡಿ ಇವರೇ, ಮನೆಯಲ್ಲಿ ಕೂತು ನೆನಪಿನ ಮೇಲೆ ಬರೆದೆ, ಲೆಕ್ಕ ತಪ್ಪಿರಬಹುದು ಅಂತ ಒಂದು ಸಾಲು ಕೊಡಿ. ಎಚ್ಚರಿಕೆ ಕೊಟ್ಟು ಬಿಡೋಣ. ಕೆಲಸ ಉಳಿಯುತ್ತೆ."

"ನೋಟ್‌ಬುಕ್ ಸುಳ್ಳು ಅಂತ ಬರೀಬೇಕಾ ಸರ್?"

"ಸುಳ್ಳು ಅಂತ ಅಲ್ಲ. ತಪ್ಪಿರಬಹುದು ಅಂತ."

ನೋಟ್‌ಬುಕ್ ತಪ್ಪು ಎಂದು ಷಣ್ಮುಖಪ್ಪ ತಾವೇ ಬರೆದುಕೊಟ್ಟರೆ ಲೈನ್ ಮನೆಯವರ ಅರ್ಜಿ ಅಲ್ಲಿಗೇ ಮುಗಿಯುತ್ತಿತ್ತು. ಆ ಮನೆಗಳಲ್ಲೊಂದರಲ್ಲಿ ಎಂಟು ತುಂಬಿದ ಮೀರಾ ಮಲಗಿದ್ದಳು.

"ನೋಟ್‌ಬುಕ್ ನಿಜ" ಎಂದರು. "ರಿಜಿಸ್ಟರ್ ಸುಳ್ಳು. ಒಂಬತ್ತು ವರ್ಷದ್ದೂ ಸುಳ್ಳು. ನಾನೇ ಬರೆದಿದ್ದು. ಹಂಗಂತ ಬರ್ಕೊಳ್ಳಿ."

ಅವರು ಬರೆದುಕೊಂಡರು. ಷಣ್ಮುಖಪ್ಪ ಸಹಿ ಹಾಕಿದರು. ಸುಳ್ಳು ದಾಖಲೆ ಬರೆದ ಕಾರಣಕ್ಕೆ ಅವರನ್ನು ಕೆಲಸದಿಂದ ತೆಗೆದರು. ಜೊತೆಯವರನ್ನು ಸಾಕ್ಷಿಗೆ ಕರೆದಾಗ ಯಾರೂ ಪದ್ಧತಿಯ ಮಾತು ಎತ್ತಲಿಲ್ಲ. ತಾನು ಕಂಡದ್ದನ್ನೇ ಬರೆಯುತ್ತೇನೆ ಎಂದು ಒಬ್ಬೊಬ್ಬರೂ ಹೇಳಿದರು. ಅವರ ಮೇಲೆ ಷಣ್ಮುಖಪ್ಪನಿಗೆ ಸಿಟ್ಟಿಲ್ಲ. "ಹೆಂಡ್ರು ಮಕ್ಳು ಇರೋರು" ಎನ್ನುತ್ತಾರೆ. ಪ್ರಸನ್ನಕುಮಾರನ ಹೆಸರು ಬಂದರೆ ಎದ್ದು ಹೋಗಿ ನೀರು ಕುಡಿಯುತ್ತಾರೆ. ಅವನು ಜೂನ್‌ನಲ್ಲಿ ಮಂಡಕ್ಕಿ ತಿನ್ನುವಾಗಲೇ ಇದನ್ನು ಯೋಚಿಸಿದ್ದನೋ, ಆಮೇಲೆ ಮೇಲಿನವರು ಹೇಳಿದಂತೆ ಕೇಳಿದನೋ ನನಗೆ ಗೊತ್ತಿಲ್ಲ. ನಾನು ಕೇಳಿದವರು ಒಬ್ಬೊಬ್ಬರು ಒಂದೊಂದು ಹೇಳಿದರು.

ಕೆಲಸ ಹೋದ ದಿನ ಷಣ್ಮುಖಪ್ಪ ಮನೆಗೆ ಬರುವ ಮೊದಲು ಲೈನ್ ಮನೆಗೆ ಹೋದರು. ಕಾಳಮ್ಮ ಸೊಪ್ಪಿನ ಕಟ್ಟು ಬಿಡಿಸುತ್ತಿದ್ದರು. ಮೀರಾ ಒಳಗಿದ್ದಳು.

"ಕಾಳಮ್ಮ, ಮೀರನ್ನ ಗಾಜನೂರಿಗೆ ಕಳ್ಸಿಬಿಡು. ಹೊಸ ತಲೆ ಹಾಕಲ್ಲ. ಒಂದೇ ದೀಪ ಉರೀತಾ ಇದೆ. ನಾಳೆಯಿಂದ ನಾನೂ ಅಲ್ಲಿರಲ್ಲ, ನನ್ನಂಗೆ ನೋಡೋರಿಲ್ಲ."

ಕಾಳಮ್ಮ ತಲೆ ಎತ್ತಲಿಲ್ಲ. "ಗೋಡೆ ಮೇಲೆ ಓದಿ ಹೇಳಿದ್ರು. ಎಲ್ಲ ಸರಿ ಐತಂತೆ."

"ಅದು ಸರಿಯಿಲ್ಲಮ್ಮ."

"ನೀವೂ ಹಂಗೇ ಬರೆದಿದ್ರಂತಲ್ಲ. ಒಂಬತ್ತು ವರ್ಷದಿಂದ." ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟರು. "ನಾನು ಒಲೆ ಮುಂದೆ ಬಿದ್ದ ದಿನವೂ ಹಂಗೇ ಬರೆದಿದ್ರಾ ಅಣ್ಣ?"

"ಬರೆದಿದ್ದೆ."

"ನಾವು ಆಫೀಸಿಗೆ ಹೋದಾಗೆಲ್ಲ ಆ ಪುಸ್ತಕ ತೋರಿಸೇ ಕಳಿಸ್ತಿದ್ರು. ಯಾರೋ ಸಾಹೇಬ್ರು ಬರೆದಿದ್ದು ಅನ್ಕೊಂಡಿದ್ದೆ."

ಷಣ್ಮುಖಪ್ಪನಿಗೆ ಇದು ಗೊತ್ತಿರಲಿಲ್ಲ. ರಿಜಿಸ್ಟರ್ ಶಿಫ್ಟಿನ ಕೋಣೆಯಾಚೆ ಹೋಗುತ್ತದೆ ಎಂದು ಅವರು ಎಣಿಸಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಬಸ್ ನಿಲ್ದಾಣಕ್ಕೆ ಹೋದರು. ಕಾಳಮ್ಮ ಮಗಳನ್ನು ಕರೆದುಕೊಂಡು ಬಂದಿದ್ದರು. ಬೀಗರಿಗೆ ಏನು ಹೇಳಬೇಕೋ ತಿಳಿಯದೆ, ಒಂದು ಚೀಲದ ತುಂಬ ಅವಲಕ್ಕಿ, ಬೆಲ್ಲ ಕಟ್ಟಿಕೊಂಡಿದ್ದರು. ಷಣ್ಮುಖಪ್ಪ ಟ್ರಂಕಿಗೆ ಕೈ ಹಾಕಿದರು.

"ಬಿಡಿ" ಎಂದರು ಕಾಳಮ್ಮ. ಟ್ರಂಕನ್ನು ತಾವೇ ಎತ್ತಿ ಬಸ್ಸಿನೊಳಗೆ ದಬ್ಬಿದರು. ಮೀರಾಳನ್ನು ಕಿಟಕಿಯ ಪಕ್ಕ ಕೂರಿಸಿದರು. ಮತ್ತೆ ಇಳಿದು ಬಂದರು. ಅಣ್ಣ ಎನ್ನಲಿಲ್ಲ.

"ನೀವು ನೆನ್ನೆ ಹೇಳಿದ್ದು ನಿಜವೇ ಇರ್ಬೋದು. ಅದಕ್ಕೇ ಕಳಿಸ್ತಾ ಇದ್ದೀನಿ. ಇನ್ಮೇಲೆ ನಂಗೇನೂ ಹೇಳೋಕೆ ಬರ್ಬೇಡಿ."

ಷಣ್ಮುಖಪ್ಪ ಈಗ ಶಿವಮೊಗ್ಗದ ಒಂದು ಮರದ ಡಿಪೋದಲ್ಲಿ ಗೇಟು ನೋಡಿಕೊಳ್ಳುತ್ತಾರೆ. ಅಲ್ಲೂ ಒಂದು ರಿಜಿಸ್ಟರ್ ಇದೆ. ಲಾರಿಯ ಹಲಗೆ ಮುರಿದಿದ್ದರೆ ಮುರಿದಿದೆ ಎಂದೇ ಬರೆಯುತ್ತಾರೆ. ಅಲ್ಲಿಯ ಡ್ರೈವರುಗಳಿಗೆ ಅವರನ್ನು ಕಂಡರೆ ಆಗುವುದಿಲ್ಲ.

ಮೀರಾಳಿಗೆ ಡಿಸೆಂಬರ್‌ನಲ್ಲಿ ಗಾಜನೂರಿನಲ್ಲೇ ಹೆಣ್ಣುಮಗು ಹುಟ್ಟಿತು, ತಾಯಿ ಮಗು ಚೆನ್ನಾಗಿದ್ದಾರೆ. ಷಣ್ಮುಖಪ್ಪನಿಗೆ ಈ ಸುದ್ದಿ ತಿಳಿದದ್ದು ಎರಡು ತಿಂಗಳ ಮೇಲೆ, ಆ ದಾರಿಯ ಬಸ್ಸಿನ ಕಂಡಕ್ಟರ್‌ನಿಂದ. ಕಾಳಮ್ಮ ಈಗಲೂ ನಮ್ಮ ಬೀದಿಯಲ್ಲಿ ಸೊಪ್ಪು ಮಾರಲು ಬರುತ್ತಾರೆ. ಎಲ್ಲರ ಮನೆಯ ಮುಂದೆಯೂ ನಿಂತು ಕೂಗುತ್ತಾರೆ. ದಾಕ್ಷಾಯಣಮ್ಮನ ಮನೆ ಬಂದಾಗ ಕೂಗು ನಿಲ್ಲಿಸಿ, ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಮುಂದೆ ಹೋಗುತ್ತಾರೆ.